ಗೋಡೆ ಬೆವರಿದಾಗ: ಬಾಡಿಗೆಗೆ ಕೊಟ್ಟ ಮನೆಯನ್ನು ನೋಡಿಕೊಳ್ಳುವುದು

"ಮಂಚದ ಹಿಂದೆ ಗೋಡೆ ಬೆವರುತ್ತಿದೆ" ಎಂದು ನನ್ನ ಬಾಡಿಗೆದಾರರು ಫೋನ್ ಮಾಡಿದ್ದರು. ಚಳಿಗಾಲವಲ್ಲವೇ, ಬಿಸಿಲು ಬಂದರೆ ಒಣಗುತ್ತದೆ ಬಿಡಿ ಎಂದೆ. ಬಿಸಿಲು ಬಂತು, ಗೋಡೆ ಒಣಗಲಿಲ್ಲ. ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತು. ಕೆರೆಸಿ, ಪುಟ್ಟಿ ಹಚ್ಚಿಸಿ, ಹೊಸ ಬಣ್ಣ ಬಳಿಸಿದೆ. ನಾಲ್ಕು ತಿಂಗಳಿಗೆ ಅದೇ ಜಾಗದಲ್ಲಿ ಅದೇ ಗುಳ್ಳೆ. ಕೊನೆಗೆ ಆಚೆ ಬದಿಯ ಸ್ನಾನದ ಮನೆಯಲ್ಲಿ ಎರಡು ಟೈಲ್ಸ್ ಒಡೆಸಿ ನೋಡಿದರೆ, ಷವರ್ ಪೈಪಿನ ಒಂದು ಜೋಡಣೆಯಲ್ಲಿ ನೀರು ಜಿನುಗುತ್ತಿತ್ತು. ಹನಿಯೂ ಅಲ್ಲ, ಬೆವರು. ಆಕೆ ಹೇಳಿದ್ದು ಸರಿಯಾಗಿಯೇ ಇತ್ತು, ಕೇಳಿಸಿಕೊಳ್ಳದವನು ನಾನು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಂದ ಹಾಗಾಯಿತು.

ಅಂದಿನಿಂದ ನನಗೆ ಮನೆ ನಿರ್ವಹಣೆ ಎಂದರೆ ಮುಕ್ಕಾಲು ಪಾಲು ನೀರಿನ ಲೆಕ್ಕ.

ಗೋಡೆಯಲ್ಲಿ ತೇವ ಕಂಡರೆ ಬಣ್ಣದವರನ್ನು ಕರೆಯುವ ಮೊದಲು ಒಂದು ಪರೀಕ್ಷೆ ಮಾಡಿ. ಅಂಗೈ ಅಗಲದ ಅಲ್ಯೂಮಿನಿಯಂ ಹಾಳೆಯನ್ನು ಆ ಜಾಗಕ್ಕೆ ಇಟ್ಟು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಹೊರಮೈ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯ ತೇವ. ಕಿಟಕಿ ತೆರೆದು, ಮಂಚವನ್ನು ಗೋಡೆಯಿಂದ ಒಂದು ಗೇಣು ಸರಿಸಿದರೆ ಬಹುಪಾಲು ಪರಿಹಾರ. ಗೋಡೆಯ ಕಡೆಯ ಮೈ ಒದ್ದೆಯಾಗಿದ್ದರೆ ನೀರು ಒಳಗಿನಿಂದ ಬರುತ್ತಿದೆ. ಸೋರಿಕೆ ನಿಲ್ಲಿಸಿದ ಮೇಲೂ ಗೋಡೆ ಪೂರ್ತಿ ಒಣಗುವವರೆಗೆ ಬಣ್ಣ ಬಳಿಯಬೇಡಿ. ಇದಕ್ಕೆ ವಾರಗಳೇ ಹಿಡಿಯುತ್ತವೆ. ಬಣ್ಣದವರಿಗೆ ಅವಸರ ಇದ್ದೇ ಇರುತ್ತದೆ, ನಿಮಗೆ ಬೇಡ.

ಕಣ್ಣಿಗೆ ಕಾಣದ ಸೋರಿಕೆಗೆ ನೀರಿನ ಮೀಟರೇ ಸಾಕ್ಷಿ. ಎಲ್ಲ ನಲ್ಲಿ ಮುಚ್ಚಿಸಿ, ಅಂಕಿ ಬರೆದುಕೊಂಡು, ಎರಡು ಗಂಟೆ ಯಾರೂ ನೀರು ಮುಟ್ಟದಂತೆ ಹೇಳಿ ಮತ್ತೆ ನೋಡಿ. ಅಂಕಿ ಓಡಿದ್ದರೆ ಎಲ್ಲೋ ಹೋಗುತ್ತಿದೆ. ನಾನು ಮೊದಲು ಅನುಮಾನಿಸುವುದು ಫ್ಲಶ್ ಟ್ಯಾಂಕನ್ನು. ಅದರೊಳಗೆ ನಾಲ್ಕು ಹನಿ ಬಣ್ಣ ಬಿಟ್ಟು ಅರ್ಧ ಗಂಟೆ ಫ್ಲಶ್ ಮಾಡದೆ ಕಾಯುತ್ತೇನೆ. ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ಸವೆದಿದೆ ಎಂದರ್ಥ. ರಬ್ಬರ್ ಬದಲಾಯಿಸುವುದು ಹತ್ತು ನಿಮಿಷದ ಕೆಲಸ. ಅದು ಸೋರುತ್ತಿದೆ ಎಂದು ತಿಳಿಯುವುದಕ್ಕೆ ಮಾತ್ರ ಜನ ವರ್ಷ ತೆಗೆದುಕೊಳ್ಳುತ್ತಾರೆ.

ಸಿಂಕಿನ ಕೆಳಗಿನ ಕಪಾಟನ್ನು ಕಣ್ಣಿನಿಂದ ನೋಡಿದರೆ ಸಾಲದು, ಪೈಪಿನ ಪ್ರತಿ ತಿರುವಿಗೂ ಒಣ ಕಾಗದ ಒತ್ತಿ ನೋಡಿ. ಕಾಗದ ಸುಳ್ಳು ಹೇಳುವುದಿಲ್ಲ.

ಮಳೆಗಾಲಕ್ಕೆ ಮೊದಲು ತಾರಸಿ. ಮಳೆನೀರು ಇಳಿಯುವ ಕೊಳವೆಯ ಬಾಯಲ್ಲಿ ಎಲೆ, ಚೆಂಡು, ಒಮ್ಮೆ ನನಗೆ ಸಿಕ್ಕಂತೆ ಒಂದು ಕಾಲುಚೀಲ, ಏನಾದರೂ ಇರುತ್ತದೆ. ತೆಗೆದ ಮೇಲೆ ನಾಲ್ಕು ಬಕೆಟ್ ನೀರು ಸುರಿದು, ಎಲ್ಲಿ ನಿಲ್ಲುತ್ತದೆ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮೊದಲು ಸೋರುವುದು ನೀರು ನಿಲ್ಲುವ ಜಾಗವೇ.

ವಿದ್ಯುತ್ತಿನ ವಿಷಯದಲ್ಲಿ ನಾನು ಕೈಹಾಕುವುದು ಒಂದಕ್ಕೇ: ಆರ್‌ಸಿಸಿಬಿಯ, ಅಂದರೆ ವಿದ್ಯುತ್ ಸೋರಿದೊಡನೆ ತಾನಾಗಿಯೇ ಸಂಪರ್ಕ ಕಡಿಯುವ ಸ್ವಿಚ್ಚಿನ, ಮೇಲಿನ ಪರೀಕ್ಷೆಯ ಗುಂಡಿ. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 30 ಮಿಲಿಆಂಪಿಯರ್ ಸೋರಿಕೆಗೆ ವಿದ್ಯುತ್ ಕಡಿಯುವಂಥದ್ದು. ಮೂರು ತಿಂಗಳಿಗೊಮ್ಮೆ ಗುಂಡಿ ಒತ್ತಿ. ಸ್ವಿಚ್ ತಟ್ಟನೆ ಕೆಳಗೆ ಬೀಳದಿದ್ದರೆ ಅಂದೇ ಎಲೆಕ್ಟ್ರಿಷಿಯನ್ ಬರಬೇಕು. ಗೀಸರ್ ಕೂಡ ಅವರದೇ ಪಾಲು. ಆದರೆ ಬಂದವರಿಗೆ ಒಳಗಿನ ಮೆಗ್ನೀಷಿಯಂ ಸರಳನ್ನು ತೆಗೆದು ತೋರಿಸಲು ಹೇಳಿ. ಟ್ಯಾಂಕಿನ ಬದಲು ತಾನು ಸವೆಯಲೆಂದೇ ಇರುವ ಸರಳು ಅದು. ಪೂರ್ತಿ ಸವೆದರೆ ಮುಂದಿನ ಸರದಿ ಟ್ಯಾಂಕಿನದು.

ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವಿನ ದಿನಗಳು ಬಂಗಾರ. ಖಾಲಿ ಕೋಣೆಗಳ ಚಿತ್ರ ತೆಗೆದಿಡಿ, ಹೊಸಬರ ಎದುರಿನಲ್ಲೇ ತೆಗೆದರೆ ಇನ್ನೂ ಒಳ್ಳೆಯದು. ಮುಂದೆ ಯಾರು ಯಾವ ಗೀರು ಮಾಡಿದರು ಎಂಬ ಜಗಳವೇ ಹುಟ್ಟುವುದಿಲ್ಲ. ಬಣ್ಣದ ಸಂಖ್ಯೆಯನ್ನು ನಾನು ಕಪಾಟಿನ ಬಾಗಿಲಿನ ಒಳಮೈಗೆ ಬರೆದಿದ್ದೇನೆ. ಉಳಿದ ಟೈಲ್ಸ್ ಅಟ್ಟದ ಮೇಲಿವೆ, ಏಕೆಂದರೆ ಐದು ವರ್ಷದ ನಂತರ ಅದೇ ವಿನ್ಯಾಸ ಅಂಗಡಿಯಲ್ಲಿ ಸಿಗುವುದಿಲ್ಲ. ಮನೆ ಹೆಚ್ಚು ದಿನ ಖಾಲಿ ಇದ್ದರೆ ವಾರಕ್ಕೊಮ್ಮೆ ಸ್ನಾನದ ಮನೆಯ ಜಾಲರಿಗೆ ಒಂದು ಚೊಂಬು ನೀರು ಸುರಿಯಿರಿ. ಕೆಳಗಿನ ಕೊಳವೆಯ ಬಾಗಿನಲ್ಲಿ ನಿಂತ ನೀರೇ ಚರಂಡಿಯ ವಾಸನೆಗೂ ಜಿರಳೆಗೂ ತಡೆ. ಅದು ಆರಿದರೆ ಎರಡೂ ಮೇಲೆ ಬರುತ್ತವೆ.

ಇಷ್ಟೆಲ್ಲ ಮಾಡಿದರೂ ಮನೆಯೊಳಗೆ ದಿನವೂ ಇರುವವರು ಅವರು, ನಾವಲ್ಲ. ಹೇಳದೆ ಕೇಳದೆ ಬಾಗಿಲು ತಟ್ಟುವ ಮಾಲೀಕನಿಗೆ ಯಾರೂ ಏನನ್ನೂ ಹೇಳುವುದಿಲ್ಲ. ದೂರು ಕೇಳಿದೊಡನೆ "ನೀವೇ ಮುರಿದಿರಾ?" ಎನ್ನುವವನಿಗಂತೂ ಮೊದಲೇ ಇಲ್ಲ. ನಾನು ಎರಡು ದಿನ ಮುಂಚೆ ತಿಳಿಸಿ ಹೋಗುತ್ತೇನೆ. ಫೋನ್ ಬಂದ ದಿನ, ಹೇಳಿದ ಮಾತು, ರಿಪೇರಿಯಾದ ದಿನ, ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಹೇಳಿದ ಮಾತನ್ನು ಅವರ ಪದಗಳಲ್ಲೇ.

ಕಳೆದ ತಿಂಗಳ ಪುಟದಲ್ಲಿ ಹೀಗಿದೆ: "ಅಡುಗೆಮನೆಯ ನಲ್ಲಿ ಮುಚ್ಚುವಾಗ ಮುನಿಸಿಕೊಳ್ಳುತ್ತದೆ." ಹೇಳಿದವರು ಆಕೆಯೇ. ಮರುದಿನವೇ ಪ್ಲಂಬರನ್ನು ಕರೆದುಕೊಂಡು ಹೋದೆ.