ಗೇಮ್ ನಡುವೆಯೇ ಬಿದ್ದುಹೋಗುತ್ತಿದ್ದರೆ ನಾನು ಹುಡುಕುವ ಬಗೆ

ಆಡುತ್ತಿರುವಾಗಲೇ ಗೇಮ್ ಸದ್ದಿಲ್ಲದೆ ಮುಚ್ಚಿಕೊಂಡು ಡೆಸ್ಕ್‌ಟಾಪ್ ಕಾಣಿಸಿದರೆ ಹೆಚ್ಚಿನವರು ಅದನ್ನು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಇಳಿಸಿಕೊಳ್ಳುತ್ತಾರೆ. ಅಷ್ಟು ಡೇಟಾ ಸುರಿಯುವ ಅಗತ್ಯವಿಲ್ಲ. ಫೈಲ್ ಕೆಟ್ಟಿರುವ ಅನುಮಾನವಿದ್ದರೆ ಸ್ಟೀಮ್‌ನಲ್ಲಿ ಗೇಮ್‌ನ ಪ್ರಾಪರ್ಟೀಸ್‌ಗೆ ಹೋಗಿ, ಇನ್‌ಸ್ಟಾಲ್ಡ್ ಫೈಲ್ಸ್ ಅಡಿಯಲ್ಲಿ ವೆರಿಫೈ ಒತ್ತಿದರೆ ಸಾಕು. ಕೆಟ್ಟದ್ದನ್ನಷ್ಟೇ ಅದು ಮತ್ತೆ ತರಿಸಿಕೊಳ್ಳುತ್ತದೆ.

ನಾನು ಮೊದಲು ತೆರೆಯುವುದು ವಿಂಡೋಸ್‌ನ ಇವೆಂಟ್ ವ್ಯೂವರ್. ಕಂಪ್ಯೂಟರ್‌ನಲ್ಲಿ ಆದ ದೋಷ, ಎಚ್ಚರಿಕೆಗಳು ಒಂದೊಂದು ಸಂಖ್ಯೆಯೊಂದಿಗೆ ದಾಖಲಾಗುವ ಜಾಗ ಅದು. ಅಪ್ಲಿಕೇಶನ್ ಲಾಗ್‌ನಲ್ಲಿ, ಗೇಮ್ ಬಿದ್ದ ಹೊತ್ತಿಗೇ 1000 ಸಂಖ್ಯೆಯ ಎರರ್ ದಾಖಲಾಗಿದ್ದರೆ 'ಫಾಲ್ಟಿಂಗ್ ಮಾಡ್ಯೂಲ್' (ಯಾವ ಫೈಲ್‌ನಲ್ಲಿ ಎಡವಿತು ಎಂಬ) ಸಾಲು ನೋಡುತ್ತೇನೆ. ಅಲ್ಲಿ ಗ್ರಾಫಿಕ್ಸ್ ಡ್ರೈವರ್‌ನದೋ ಯಾವುದಾದರೂ ಓವರ್‌ಲೇಯದೋ (ಗೇಮ್ ಮೇಲೆಯೇ ಚಾಟ್, ಎಫ್‌ಪಿಎಸ್‌ನಂಥದ್ದನ್ನು ತೋರಿಸುವ ಪ್ರೋಗ್ರಾಂ) ಫೈಲ್ ಇದ್ದರೆ ಹುಡುಕಾಟ ಅಲ್ಲಿಂದಲೇ ಶುರು. ವಿಂಡೋಸ್‌ನ ಮೂಲ ಫೈಲ್ ಎನ್‌ಟಿಡಿಎಲ್‌ಎಲ್ (ntdll.dll) ಹೆಸರಿದ್ದರೆ ಅದನ್ನು ದೂರಿ ಫಲವಿಲ್ಲ. ಬೇರೆಲ್ಲೋ ಆದ ಎಡವಟ್ಟು ಬಹುತೇಕ ಅಲ್ಲಿ ಬಯಲಾಗುತ್ತದೆ, ಅಷ್ಟೆ.

ಆಮೇಲೆ ಸಿಸ್ಟಮ್ ಲಾಗ್. ಅದರಲ್ಲಿ 4101 ಸಂಖ್ಯೆಯ ದಾಖಲೆ ಇದ್ದರೆ ಗ್ರಾಫಿಕ್ಸ್ ಕಾರ್ಡ್ ಉತ್ತರ ಕೊಡದೆ ನಿಂತಿತ್ತು, ವಿಂಡೋಸ್ ಡ್ರೈವರನ್ನು ಮತ್ತೆ ಎಬ್ಬಿಸಿದೆ ಎಂದರ್ಥ. ಕಾಯುವ ಅವಧಿ ಸಾಮಾನ್ಯವಾಗಿ 2 ಸೆಕೆಂಡ್. ಕಾರ್ಡ್‌ನ ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವುದು) ತೆಗೆಯಿರಿ. ಆಗಲೂ ಬಂದರೆ ಇಂಟರ್ನೆಟ್ ಕಡಿದು, ಸೇಫ್ ಮೋಡ್‌ನಲ್ಲಿ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಪ್ರೋಗ್ರಾಂ) ಬಳಸಿ ಹಳೆಯ ಡ್ರೈವರ್ ಪೂರ್ತಿ ಅಳಿಸಿ ಹೊಸದನ್ನು ಹಾಕಿ. ಇಂಟರ್ನೆಟ್ ಇದ್ದರೆ ನಡುವೆ ವಿಂಡೋಸ್ ಅಪ್‌ಡೇಟ್ ತನ್ನದೇ ಡ್ರೈವರ್ ತುರುಕುತ್ತದೆ. 41 ಎಂದರೆ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮರುಚಾಲನೆಯಾಗಿದೆ. ಗೇಮ್ ಆಡುವಾಗ ಮಾತ್ರ ಹೀಗಾದರೆ ಪವರ್ ಸಪ್ಲೈ, ಕಾರ್ಡ್‌ನ ಪವರ್ ಕೇಬಲ್, ಬಿಸಿ ಇವುಗಳನ್ನು ನೋಡಬೇಕು.

ಅದೇ ಲಾಗ್‌ನಲ್ಲಿ ಬಹಳ ಜನ ಕಡೆಗಣಿಸುವುದು 2004 ಸಂಖ್ಯೆಯ ದಾಖಲೆ. ವರ್ಚುವಲ್ ಮೆಮೊರಿ ಮುಗಿಯುತ್ತ ಬಂದಿದೆ ಎಂಬ ಎಚ್ಚರಿಕೆ ಅದು. 'ರ‍್ಯಾಮ್ 16 ಜಿಬಿ ಇದೆ, ಇನ್ನೂ ಖಾಲಿ ಇದೆ' ಎಂಬ ವಾದ ಇಲ್ಲಿ ನಡೆಯದು. ಪ್ರೋಗ್ರಾಂಗಳು ಬಳಸುವುದಕ್ಕಿಂತ ಹೆಚ್ಚು ಜಾಗವನ್ನು ಕಾಯ್ದಿರಿಸುತ್ತವೆ. ಆ ಕಾಯ್ದಿರಿಸುವಿಕೆಗೆ ಮಿತಿ ರ‍್ಯಾಮ್ ಮತ್ತು ಪೇಜ್ ಫೈಲ್ (ರ‍್ಯಾಮ್‌ಗೆ ನೆರವಾಗಿ ವಿಂಡೋಸ್ ಡ್ರೈವ್‌ನಲ್ಲಿ ಇಡುವ ಫೈಲ್) ಸೇರಿದ ಮೊತ್ತ. ವೇಗ ಹೆಚ್ಚುತ್ತದೆಂದು ಪೇಜ್ ಫೈಲ್ ಆಫ್ ಮಾಡಿದ್ದರೆ ಮಿತಿ ಬೇಗ ಮುಟ್ಟುತ್ತದೆ, ಗೇಮ್ ಕೇಳಿದ ಜಾಗ ಸಿಗದೆ ಬೀಳುತ್ತದೆ. ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್‌ನ ಪರ್ಫಾರ್ಮೆನ್ಸ್ ಒಳಗೆ ವರ್ಚುವಲ್ ಮೆಮೊರಿಯನ್ನು 'ಆಟೊಮ್ಯಾಟಿಕ್' ಮಾಡಿ, ಆ ಡ್ರೈವ್‌ನಲ್ಲಿ ಸಾಕಷ್ಟು ಜಾಗ ಖಾಲಿ ಇಡಿ.

ಪ್ರತಿ ಸಲ ಬೇರೆ ಬೇರೆ ಮಾಡ್ಯೂಲ್ ಹೆಸರು ಬರುತ್ತಿದ್ದರೆ ನನ್ನ ಅನುಮಾನ ರ‍್ಯಾಮ್ ಮೇಲೆ. ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಆಫ್ ಮಾಡಿ ಆಡಿ ನೋಡುತ್ತೇನೆ, ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಲು ಬಿಡುತ್ತೇನೆ. ಅದು ಒಂದೇ ಒಂದು ದೋಷ ತೋರಿಸಿದರೂ ಆಗ ಇದ್ದ ರ‍್ಯಾಮ್ ಸೆಟ್ಟಿಂಗ್ ನಂಬುವಂತಿಲ್ಲ.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದರೆ ಮೊದಲು ಬಯಾಸ್ ಅಪ್‌ಡೇಟ್ ಮಾಡಿ. ಅತಿ ವೋಲ್ಟೇಜ್‌ನ ತೊಂದರೆಯನ್ನು ಕಂಪನಿಯೇ 2024ರಲ್ಲಿ ಒಪ್ಪಿ ಮೈಕ್ರೋಕೋಡ್ (ಪ್ರೊಸೆಸರ್‌ನೊಳಗಿನ ಸಾಫ್ಟ್‌ವೇರ್) ಬಿಡುಗಡೆ ಮಾಡಿದೆ, ಅದು ಬಯಾಸ್ ಅಪ್‌ಡೇಟ್ ಮೂಲಕ ಬರುತ್ತದೆ. ಶೇಡರ್ (ಚಿತ್ರ ಮೂಡಿಸುವ ಪುಟ್ಟ ಪ್ರೋಗ್ರಾಂಗಳು) ಕಂಪೈಲ್ ಆಗುವಾಗ 'ವಿಡಿಯೊ ಮೆಮೊರಿ ಸಾಲದು' ಎಂಬ ಸಂದೇಶ ಬಂದರೂ ಇವುಗಳಲ್ಲಿ ದೋಷ ಕಾರ್ಡ್‌ನದಾಗಿರದೆ ಪ್ರೊಸೆಸರ್‌ನದಾಗಿರಬಹುದು. ಆಗಲೇ ಹಾನಿಯಾಗಿದ್ದರೆ ಅಪ್‌ಡೇಟ್‌ನಿಂದ ಸರಿಹೋಗದು, ವಾರಂಟಿಯಲ್ಲಿ ಬದಲಿಸಿಕೊಳ್ಳಬೇಕು.

ಇವೆಂಟ್ ವ್ಯೂವರ್‌ನಲ್ಲಿ ಏನೂ ಇಲ್ಲದಿದ್ದರೆ ಗೇಮ್ ತಾನೇ ಹೊರಬಂದಿರಬಹುದು. ಅನ್‌ರಿಯಲ್ ಎಂಜಿನ್ ಗೇಮ್‌ಗಳ ಲಾಗ್ ಸಾಮಾನ್ಯವಾಗಿ ಆ್ಯಪ್‌ಡೇಟಾದ ಲೋಕಲ್ ಫೋಲ್ಡರ್‌ನಲ್ಲಿ, ಯೂನಿಟಿಯವು ಲೋಕಲ್‌ಲೋ ಫೋಲ್ಡರ್‌ನಲ್ಲಿ ಸಿಗುತ್ತವೆ. ಕೊನೆಯ ಸಾಲುಗಳಿಂದ ಮೇಲಕ್ಕೆ ಓದಿ.