ಹಳೇ ಗೋಡೆಗೆ ಬಣ್ಣ: ಡಬ್ಬ ತೆರೆಯುವ ಮುನ್ನ

ಯುಗಾದಿ ಹತ್ತಿರ ಬಂತೆಂದರೆ ಎಲ್ಲರೂ ಬಣ್ಣದ ಕಾರ್ಡು ಹಿಡಿದು ಕೂರುತ್ತಾರೆ. ದಾವಣಗೆರೆಯ ಮಂಡಿಪೇಟೆ, ಚಿತ್ರದುರ್ಗದ ಬುರುಜನಹಟ್ಟಿ ಕಡೆಯ ಹಳೇ ಮನೆಗಳಲ್ಲಿ ಅದಕ್ಕೂ ಮೊದಲು ತಿಳಿಯಬೇಕಾದ್ದು, ಗೋಡೆಯದು ಸುಣ್ಣದ ಗಾರೆಯೋ ಸಿಮೆಂಟೋ ಎಂಬುದು.

ಬೀರುವಿನ ಹಿಂದೆ, ಕಣ್ಣಿಗೆ ಬೀಳದ ಕಡೆ ಮೊಳೆಯಿಂದ ಆಳವಾಗಿ ಗೀರಿ. ಬಿಳಿಚಿದ ಪುಡಿ, ನಡುವೆ ಸುಣ್ಣದ ಹರಳು ಉದುರಿದರೆ ಸುಣ್ಣದ ಗಾರೆ. ಬೂದು ಬಣ್ಣ ಕಂಡು, ಮೊಳೆ ಇಳಿಯದೆ ಜಾರಿದರೆ ಸಿಮೆಂಟು. ನಿಂಬೆರಸ ಹಾಕಿ ನೊರೆ ನೋಡುವ ಉಪಾಯ ಇಲ್ಲಿ ನಡೆಯದು. ಎರಡೂ ನೊರೆ ಬಿಡುತ್ತವೆ.

ಮುಂದಿನದು ತೇವ. ಒಂದೂವರೆ ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ನೀರು ಗೋಡೆಯಿಂದಲೇ ಬರುತ್ತಿದೆ. ಮಾಳಿಗೆ ಸೋರಿಕೆ, ಪೈಪು, ಗೋಡೆ ಬುಡದಲ್ಲಿ ನಿಲ್ಲುವ ಬಚ್ಚಲು ನೀರು, ಯಾವುದೆಂದು ಹುಡುಕಿ ಸರಿಪಡಿಸುವವರೆಗೆ ಬಣ್ಣಕ್ಕೆ ದುಡ್ಡು ಹಾಕಬೇಡಿ. ಬಿಳಿ ಉಪ್ಪು ಬಿಟ್ಟಿದ್ದರೆ ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಇಳಿಯುತ್ತದೆ.

ಈಗ ಬೆರಳ ಗಿಣ್ಣಿನಿಂದ ಗೋಡೆ ಪೂರ್ತಿ ತಟ್ಟುತ್ತಾ ಹೋಗಿ. ಪೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ, ಅಷ್ಟು ಗಾರೆ ಕಿತ್ತುಬಿಡಿ.

ಅಂಗೈಯಿಂದ ಒರೆಸಿದಾಗ ಕೈಗೆ ಪುಡಿ ಹತ್ತುವ ಹಳೇ ಸುಣ್ಣ, ಡಿಸ್ಟೆಂಪರ್ ಪೂರಾ ಹೋಗಬೇಕು. ಅದರ ಮೇಲೆ ಹೊಡೆದ ಬಣ್ಣ ಹಕ್ಕಳೆ ಏಳುವುದು ಖಂಡಿತ. ನೀರು ಚಿಮುಕಿಸಿ ನೆನೆಸಿದರೆ ಹೆರೆಯುವುದು ಸುಲಭ, ಧೂಳೂ ಕಡಿಮೆ. ಹಳೇ ಆಯಿಲ್ ಪೇಂಟಿದ್ದರೆ ಮಾತ್ರ ಒಣಗಿದ್ದಾಗ ಉಜ್ಜಲೇಬೇಡಿ. ಮನೆ ಬಣ್ಣದಲ್ಲಿ ವಿಷಕಾರಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹಿಂದಿನದರಲ್ಲಿ ಎಷ್ಟಿದೆಯೋ ಯಾರು ಬಲ್ಲರು? ನೀರಲ್ಲಿ ನೆನೆಸಿ ಬಳಸುವ ಸ್ಯಾಂಡ್ ಪೇಪರ್, ಅಂದರೆ ವಾಟರ್ ಪೇಪರಿನಿಂದ ಒದ್ದೆಯಾಗಿಯೇ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ.

ತೇಪೆ ಹಾಕುವಲ್ಲೇ ಹೆಚ್ಚಿನ ಮೇಸ್ತ್ರಿಗಳು ಅವಸರ ಮಾಡುವುದು. ‘ಸಿಮೆಂಟು ಬಡಿದರೆ ಗಟ್ಟಿ ಸಾರ್’ ಅನ್ನುತ್ತಾರೆ. ಆ ಗಟ್ಟಿತನವೇ ತೊಂದರೆ. ಮೆತ್ತನೆಯ ಸುಣ್ಣದ ಗಾರೆಗೆ ಸಿಮೆಂಟಿನ ತೇಪೆ ಹೊಂದುವುದಿಲ್ಲ. ತೇವವನ್ನು ಒಳಗೇ ಹಿಡಿದಿಟ್ಟು ಸುತ್ತಲ ಗಾರೆಯನ್ನೂ ಕೆಡಿಸುತ್ತದೆ. ಸುಣ್ಣದ ಗೋಡೆಗೆ ಸುಣ್ಣವೇ ಸರಿ: ಚೆನ್ನಾಗಿ ನೆನೆದ ಸುಣ್ಣ ಒಂದು ಪಾಲು, ಸೋಸಿದ ಮರಳು ಮೂರು ಪಾಲು. ಬಿರುಕನ್ನು ಕರಣಿಯ ಮೂಲೆಯಿಂದ ಅಗಲಿಸಿ, ಧೂಳು ತೆಗೆದು, ಒದ್ದೆ ಮಾಡಿ, ತೆಳುವಾಗಿ ಪದರ ಪದರವಾಗಿ ತುಂಬಿ. ನಮ್ಮ ಬಿಸಿಲಿಗೆ ಬೇಗ ಒಣಗಿ ಸೀಳುತ್ತದೆ, ಆದ್ದರಿಂದ ಕೆಲವು ದಿನ ನೀರು ಚಿಮುಕಿಸುತ್ತಿರಬೇಕು. ಸುಣ್ಣ ಕಣ್ಣಿಗೆ ಸಿಡಿದರೆ ಅಪಾಯ, ಕನ್ನಡಕ ಇರಲಿ.

ಸಿಮೆಂಟ್ ಗೋಡೆಗೆ ಸಿಮೆಂಟ್ ತೇಪೆ ಹಾಕಿ 28 ದಿನ ಬಿಡಿ. ಆಮೇಲೆ ವೈಟ್ ಸಿಮೆಂಟ್ ಪುಟ್ಟಿ ಎರಡು ಕೋಟು, ಎರಡೂ ಸೇರಿ ಒಂದೂವರೆ ಮಿಲಿಮೀಟರ್ ಮೀರದಂತೆ. ಒಣಗಿದ ಮೇಲೆ ನಯವಾದ ಸ್ಯಾಂಡ್ ಪೇಪರ್ ಹಿಡಿದು, ಧೂಳು ಒರೆಸಿ ಪ್ರೈಮರ್ ಹೊಡೆಯಿರಿ. ಸುಣ್ಣದ ಗೋಡೆಗೆ ಇದ್ಯಾವುದೂ ಬೇಡ, ಸೋಸಿದ ಸುಣ್ಣವೋ ಸುಣ್ಣದ ಬಣ್ಣವೋ ಸಾಕು. ಪ್ಲಾಸ್ಟಿಕ್ ಎಮಲ್ಷನ್ ಬೇಡ ಎಂಬುದೇ ನನ್ನ ಸಲಹೆ.

ಪ್ರೈಮರ್ ಒಣಗಿದ ರಾತ್ರಿ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಒರಗಿಸಿ ಅಡ್ಡ ಬೆಳಕು ಬಿಡಿ. ಹಗಲಲ್ಲಿ ಕಾಣದ ತಗ್ಗು ದಿಣ್ಣೆಗಳಿಗೆ ಪೆನ್ಸಿಲ್ ಗುರುತು ಹಾಕಿಟ್ಟು, ಬೆಳಿಗ್ಗೆ ಪೇಂಟರಿಗೆ ತೋರಿಸಿ.