ಠಾಣೆಗೆ ಕರೆದೊಯ್ದವರನ್ನು ಬಿಡದಿದ್ದರೆ: ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವ ಬಗೆ

"ಬರೇ ವಿಚಾರಣೆಗೆ, ಸಂಜಿಗೆ ಬಿಡ್ತೀವಿ" ಎಂದು ಪೊಲೀಸರು ಮನೆಯವರನ್ನು ಕರೆದೊಯ್ದರೆ ಮೊದಲು ವೇಳೆ ಬರೆದಿಡಿ. ಯಾವ ಠಾಣೆಯವರು, ವಾಹನದ ನಂಬರ್ ಏನು, ನೋಡಿದವರು ಯಾರು ಎಂಬುದೂ ಅದೇ ಹಾಳೆಯಲ್ಲಿರಲಿ. ಸಂವಿಧಾನದ 22ನೇ ವಿಧಿಯಂತೆ ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಪ್ರಯಾಣಕ್ಕೆ ಹಿಡಿದ ವೇಳೆಯನ್ನಷ್ಟೇ ಕಳೆಯಬಹುದು. ಹುಬ್ಬಳ್ಳಿ–ಧಾರವಾಡದ ಸುಮಾರು 20 ಕಿ.ಮೀ. ದಾರಿಯ ನೆಪ ನಡೆಯುವುದಿಲ್ಲ. ನಿನ್ನೆ ಬೆಳಿಗ್ಗೆ ಕರೆದೊಯ್ದವರನ್ನು ಇವತ್ತು ಸಂಜೆ ಬಂಧಿಸಿದಂತೆ ಪೊಲೀಸರು ಬಂಧನದ ಮೆಮೊದಲ್ಲಿ (ದಾಖಲೆ ಪತ್ರದಲ್ಲಿ) ಬರೆದಿದ್ದರೆ, ಅದು ಸುಳ್ಳೆಂದು ತೋರಿಸಲು ಆ ಹಾಳೆಯೇ ಬೇಕು.

ಠಾಣೆಯಲ್ಲಿ ಬಾಯಿಮಾತಿಗೆ ನಿಲ್ಲಬೇಡಿ. ಬಂಧನದ ಕಾರಣವನ್ನು ಲಿಖಿತವಾಗಿ ಕೇಳಿ. ಕೊಡದಿದ್ದರೆ ಹುಬ್ಬಳ್ಳಿ-ಧಾರವಾಡದಲ್ಲಿ ಪೊಲೀಸ್ ಕಮಿಷನರ್‌ಗೆ, ಗದಗ, ಹಾವೇರಿಯಲ್ಲಿ ಎಸ್‌ಪಿಗೆ ಇ-ಮೇಲ್ ಕಳಿಸಿ. ಅದರಲ್ಲಿ ಕಳಿಸಿದ ವೇಳೆ ತಾನಾಗಿ ದಾಖಲಾಗುತ್ತದೆ. ವಕೀಲರಿಗೆ ದುಡ್ಡಿಲ್ಲವೆಂದು ಕೂರಬೇಡಿ, 15100ಕ್ಕೆ ಫೋನ್ ಮಾಡಿದರೆ ಉಚಿತ ಕಾನೂನು ನೆರವಿನ ದಾರಿ ಸಿಗುತ್ತದೆ.

24 ಗಂಟೆ ದಾಟಿದರೂ ಹಾಜರುಪಡಿಸದಿದ್ದರೆ, ಅಥವಾ "ನಮ್ಮಲ್ಲಿ ಇಲ್ಲ" ಎಂದರೆ, ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ರಿಟ್ ಅರ್ಜಿ ಹಾಕಿ. ವಶದಲ್ಲಿರುವವರನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂದು ಕೇಳುವ ಅರ್ಜಿ ಇದು. ಧಾರವಾಡ, ಗದಗ, ಹಾವೇರಿ ಜಿಲ್ಲೆಯವರು ಬೆಂಗಳೂರಿಗೆ ಹೋಗಬೇಕಿಲ್ಲ. 2013ರಿಂದ ಕಾಯಂ ಆಗಿರುವ ಧಾರವಾಡ ಹೈಕೋರ್ಟ್ ಪೀಠ ಸಾಕು. ಒಳಗಿರುವವರ ಸಹಿ ಬೇಡ. ಹೆಂಡತಿ, ಅಣ್ಣ, ಗೆಳೆಯ, ಯಾರಾದರೂ ಪ್ರಮಾಣಪತ್ರ (ಅಫಿಡವಿಟ್) ಸಹಿತ ಹಾಕಬಹುದು. ಪ್ರತಿವಾದಿಗಳಾಗಿ ರಾಜ್ಯ ಸರ್ಕಾರ, ಕಮಿಷನರ್ ಅಥವಾ ಎಸ್‌ಪಿ, ಠಾಣಾಧಿಕಾರಿ ಇರಲಿ. ಹಾಜರುಪಡಿಸಿ, ಬಿಡುಗಡೆ ಮಾಡಿ ಎನ್ನುವುದರ ಜೊತೆಗೆ ಠಾಣೆಯ ಸಿಸಿಟಿವಿ ದೃಶ್ಯ ಅಳಿಸದಂತೆ ಆದೇಶವನ್ನೂ ಕೇಳಿ. ಇದನ್ನು ಬಹಳ ಮಂದಿ ಮರೆಯುತ್ತಾರೆ, ಆಮೇಲೆ ಸಾಕ್ಷಿಯೇ ಉಳಿದಿರುವುದಿಲ್ಲ.

ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ತಡ ಮಾಡಿದ್ದರಿಂದ. ಮ್ಯಾಜಿಸ್ಟ್ರೇಟರು ಒಮ್ಮೆ ರಿಮಾಂಡ್ ಮಾಡಿದರೆ (ವಶದಲ್ಲಿಡಲು ಆದೇಶಿಸಿದರೆ), ಆ ಆದೇಶ ಅಧಿಕಾರವಿಲ್ಲದೆ ಅಥವಾ ಏನನ್ನೂ ನೋಡದೆ ಮಾಡಿದ್ದೆಂದು ತೋರಿಸದ ಹೊರತು ಹೇಬಿಯಸ್ ಕಾರ್ಪಸ್ ನಿಲ್ಲುವುದಿಲ್ಲ. ಆಗ ಜಾಮೀನು ಅರ್ಜಿಯೇ ಸರಿ. ಯಾರ ವಶದಲ್ಲಿದ್ದಾರೆಂಬ ಸುಳಿವೇ ಇಲ್ಲದಿದ್ದರೆ ನಾಪತ್ತೆ ದೂರು ಮೊದಲು.

ಪ್ರೀತಿಸಿ ಮದುವೆಯಾದ ಮಗಳನ್ನು ಮನೆಯಲ್ಲೇ ಕೂಡಿಹಾಕಿದ್ದರೂ ಈ ಅರ್ಜಿ ನಡೆಯುತ್ತದೆ. ಪ್ರಾಯಕ್ಕೆ ಬಂದವಳ ಇಚ್ಛೆಯನ್ನೇ ಕೋರ್ಟು ಕೇಳುತ್ತದೆ. ಸಿಆರ್‌ಪಿಸಿ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 100ನೇ ಕಲಮಿನಡಿ ಎ.ಸಿ. (ಉಪವಿಭಾಗಾಧಿಕಾರಿ) ಅಥವಾ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಂದ ಶೋಧನಾ ವಾರಂಟ್ ಪಡೆಯುವುದು ಇನ್ನೂ ಹತ್ತಿರದ ದಾರಿ.

ಕೋರ್ಟಿನ ನೋಟಿಸ್ ತಲುಪಿದ ರಾತ್ರಿಯೇ ಪೊಲೀಸರು ಸದ್ದಿಲ್ಲದೆ ಬಿಟ್ಟು ಕಳಿಸುವುದುಂಟು. ಬಿಟ್ಟ ವೇಳೆಯನ್ನೂ ಬರೆದಿಡಿ, ಮೈಮೇಲೆ ಗಾಯವಿದ್ದರೆ ಅಂದೇ ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲಿಸಿ. ಸುಪ್ರೀಂ ಕೋರ್ಟಿನ 1983ರ ರುದುಲ್ ಸಾ ಪ್ರಕರಣದಿಂದ ಅಕ್ರಮ ಬಂಧನಕ್ಕೆ ಪರಿಹಾರ ಕೇಳುವ ಹಾದಿ ತೆರೆದಿದೆ. ಅದಕ್ಕೆ ಈ ಕಾಗದಗಳೇ ಆಧಾರ.